ಸೇವಕನಾಗುವ ಮಾಲಕ: ಕೈಕೆಳಗಿನವರ ಕಾಳಜಿ ಎಲ್ಲಿಂದ ಶುರುವಾಗಬೇಕು

ಹಲಬರ್ಗಾ ಭಾಲ್ಕಿ ತಾಲ್ಲೂಕಿನ ಹೋಬಳಿ ಊರು. ಬೀದರಿನಿಂದ ಭಾಲ್ಕಿಗೆ ಹೋಗುವ ರೈಲು ಹಾದಿಯ ಮೇಲಿದೆ. ಒಂದು ಕಡೆ ಬೀದರ್ ನಗರ, ಇನ್ನೊಂದು ಕಡೆ ಭಾಲ್ಕಿ, ಮೇಲೆ ಔರಾದ್. ಈ ಸುತ್ತಿನಲ್ಲಿ ಜನ ದುಡಿಯುವ ಜಾಗಗಳನ್ನು ನೋಡುತ್ತ ಹೋದರೆ ಸಕ್ಕರೆ ಕಾರ್ಖಾನೆಗಳಂಥ ಕೆಲವನ್ನು ಬಿಟ್ಟು ಬಹುಪಾಲು ಸಣ್ಣವೇ: ಖಾಸಗಿ ಶಾಲೆ, ಎರಡು ಕೋಣೆಯ ದವಾಖಾನೆ, ದಾಲ್ ಮಿಲ್, ಪತ್ತಿನ ಸಹಕಾರ ಸಂಘ, ಕಿರಾಣಿ ಅಂಗಡಿ, ಗ್ಯಾರೇಜು, ಬಿದರಿ ಕುಸುರಿಯ ಕೋಣೆ, ತೊಗರಿ–ಸೋಯಾ ಬೆಳೆಯುವ ಹೊಲ. ಇಬ್ಬರಿಂದ ಇಪ್ಪತ್ತು ಮಂದಿ ಕೆಲಸಕ್ಕಿರುವ ಇಂಥ ಕಡೆ ಸಿಬ್ಬಂದಿ ವಿಭಾಗ ಇರುವುದಿಲ್ಲ, ಯೂನಿಯನ್ ಇರುವುದಿಲ್ಲ, ನಿಯಮ ಬರೆದಿಟ್ಟ ಪುಸ್ತಕವೂ ಇರುವುದಿಲ್ಲ. ಮಾಲಕರ ಮನಸ್ಸೇ ನಿಯಮ. ಮನಸ್ಸು ಚೆನ್ನಾಗಿದ್ದ ದಿನ ಸೂಟಿ ಸಿಗುತ್ತದೆ, ಕೆಟ್ಟ ದಿನ ಬೈಗುಳ ಸಿಗುತ್ತದೆ. ನಿಜಾಮರ ಕಾಲದಿಂದ ಮೆಥೊಡಿಸ್ಟ್ ಸಭೆಗಳಿರುವ ಈ ಸೀಮೆಯಲ್ಲಿ ಕ್ರೈಸ್ತ ಕುಟುಂಬಗಳವರು ಶಾಲೆ, ಆಸ್ಪತ್ರೆ, ಸಣ್ಣ ವ್ಯಾಪಾರ ನಡೆಸುತ್ತಾರೆ. ಅದಕ್ಕಿಂತ ಹೆಚ್ಚು ಮಂದಿ ಬೇರೆಯವರ ಕೈಕೆಳಗೆ ದುಡಿಯುತ್ತಾರೆ. ಈ ಎರಡೂ ಬಗೆಯವರು ಭಾನುವಾರ ಒಂದೇ ಬೆಂಚಿನಲ್ಲಿ ಕೂತು, ದೊಡ್ಡವನಾಗಬೇಕೆನ್ನುವವನು ಎಲ್ಲರ ಸೇವಕನಾಗಬೇಕು ಎಂಬ ಯೇಸುವಿನ ಬೋಧನೆಯನ್ನು ಕೇಳುತ್ತಾರೆ. ಆ ಬೋಧನೆ ಸೋಮವಾರ ಬೆಳಿಗ್ಗೆ ಹಾಜರಿ ಪುಸ್ತಕದ ಮುಂದೆ ಏನಾಗಬೇಕು ಎಂಬುದೇ ಇಲ್ಲಿನ ವಿಷಯ.

ಸೇವಕ ನಾಯಕತ್ವ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮೃದುವಾಗಿ ಮಾತಾಡುವ, ಯಾರನ್ನೂ ಗದರದ, ಸರಳವಾಗಿ ಬದುಕುವ ಮುಖ್ಯಸ್ಥರು. ಆ ಗುಣಗಳು ಒಳ್ಳೆಯವೇ. ಆದರೆ ಅವು ಮುಖ್ಯಸ್ಥರ ಗುಣಗಳು. ಅವುಗಳಿಂದ ಕಸ ಗುಡಿಸುವ ಹೆಂಗಸಿನ ಬದುಕಿನಲ್ಲಿ ಏನು ಬದಲಾಯಿತು ಎಂಬುದು ಬೇರೆಯೇ ಪ್ರಶ್ನೆ. ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ಅಧಿಕಾರದ ಬಗ್ಗೆ ಮಾತಾಡುವುದು ಇಬ್ಬರು ಶಿಷ್ಯರು ಬಲಕ್ಕೊಂದು ಎಡಕ್ಕೊಂದು ಕುರ್ಚಿ ಕೇಳಿದ ಮೇಲೆ; ಅಲ್ಲಿ ಆತ ಸ್ವಭಾವ ತಿದ್ದಿಕೊಳ್ಳಿ ಎನ್ನುವುದಷ್ಟೇ ಅಲ್ಲ, ದೊರೆಗಳು ಜನರ ಮೇಲೆ ದರ್ಪ ನಡೆಸುವ ರೀತಿ ನಿಮ್ಮೊಳಗೆ ನಡೆಯಕೂಡದು ಎಂದು ವ್ಯವಸ್ಥೆಯನ್ನೇ ಬೇರೆ ಮಾಡುತ್ತಾನೆ. 1970ರಲ್ಲಿ ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ ಈ ವಿಚಾರವನ್ನು ಕಚೇರಿ ಜಗತ್ತಿಗೆ ತಂದಾಗ ಅವರಿಗೆ ದೊಡ್ಡ ಟೆಲಿಫೋನ್ ಕಂಪನಿಯಲ್ಲಿ ದಶಕಗಟ್ಟಲೆ ದುಡಿದ ಅನುಭವವಿತ್ತು; ಅವರು ಕ್ವೇಕರ್ ಪಂಥದ ಕ್ರೈಸ್ತರೂ ಆಗಿದ್ದರು. ಅವರು ಇಟ್ಟ ಪರೀಕ್ಷೆ ನಾಯಕನ ನಯವಿನಯದ್ದಲ್ಲ. ಸೇವೆ ಪಡೆದವರು ಬೆಳೆಯುತ್ತಿದ್ದಾರೆಯೇ, ಮೊದಲಿಗಿಂತ ಸ್ವತಂತ್ರರಾಗುತ್ತಿದ್ದಾರೆಯೇ, ಎಲ್ಲರಿಗಿಂತ ಕೆಳಗಿರುವವನಿಗೆ ಇದರಿಂದ ಲಾಭವೋ ನಷ್ಟವೋ ಎಂದು ಅವರು ಕೇಳಿದರು. ಈ ಲೇಖನದ ವಾದವೂ ಅದೇ ದಾರಿಯದು. ಸೇವೆಯನ್ನು ಅಳೆಯಬೇಕಾದದ್ದು ಕಟ್ಟಕಡೆಯ ಮನುಷ್ಯನ ಕೈಗೆ ಏನು ತಲುಪಿತು ಎಂಬುದರಿಂದ. ಮತ್ತು ಅದು ಮಾಲಕರ ಮನಸ್ಸಿನ ಮೇಲೆ ನಿಲ್ಲದೆ ಬರೆದಿಟ್ಟ, ಎಲ್ಲರಿಗೂ ಗೊತ್ತಿರುವ ಏರ್ಪಾಡಿನ ಮೇಲೆ ನಿಲ್ಲಬೇಕು.

ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆಯುತ್ತಾನೆ. ಹಲವು ಸಭೆಗಳಲ್ಲಿ ಪವಿತ್ರ ಗುರುವಾರದಂದು ಪಾದ ತೊಳೆಯುವ ವಿಧಿ ಇಂದಿಗೂ ನಡೆಯುತ್ತದೆ. ಆ ಕಾಲದ ಮನೆಗಳಲ್ಲಿ ಅತಿಥಿಯ ಧೂಳುಗಾಲು ತೊಳೆಯುವುದು ಎಲ್ಲರಿಗಿಂತ ಕೆಳಗಿನ ಆಳಿನ ಪಾಲಿನ ಕೆಲಸ. ನಮ್ಮಲ್ಲಿ ಆ ಜಾಗದಲ್ಲಿ ಇರುವ ಕೆಲಸ ಯಾವುದು? ಶೌಚಾಲಯ ತೊಳೆಯುವುದು, ಚರಂಡಿ ಬಿಡಿಸುವುದು, ಎಂಜಲು ಲೋಟ ಎತ್ತುವುದು. ಮತ್ತು ಅವನ್ನು ಯಾರು ಮಾಡಬೇಕೆಂದು ಜಾತಿ ಮೊದಲೇ ತೀರ್ಮಾನ ಮಾಡಿಟ್ಟಿರುತ್ತದೆ. ಕಚೇರಿಗೆ ಚಹಾ ಬಂದಾಗ ಗಮನಿಸಿ: ಎಲ್ಲರ ಕಪ್ಪುಗಳು ಒಂದೇ ತಟ್ಟೆಯಲ್ಲಿ ಬರುತ್ತವೆ, ಕಿಟಕಿಯ ಕಟ್ಟೆಯ ಮೇಲೆ ಕವುಚಿಟ್ಟ ಒಂದು ಸ್ಟೀಲ್ ಲೋಟವನ್ನು ಮಾತ್ರ ಝಾಡು ಹಿಡಿದ ಹೆಂಗಸು ತಾನೇ ತೆಗೆದುಕೊಂಡು, ತಾನೇ ತೊಳೆದು, ಅಲ್ಲೇ ಕವುಚಿ ಇಡುತ್ತಾಳೆ. ಯಾರೂ ಆಜ್ಞೆ ಮಾಡಿರುವುದಿಲ್ಲ. ಈ ಭಾಗದ ಕ್ರೈಸ್ತ ಕುಟುಂಬಗಳಲ್ಲಿ ಹೆಚ್ಚಿನವರ ಅಜ್ಜ-ಅಜ್ಜಿಯರು ಆ ಲೋಟದ ಕಡೆಯಲ್ಲಿದ್ದವರು. ದಲಿತ ಕೇರಿಗಳಲ್ಲಿಯೇ ಇಲ್ಲಿ ಸುವಾರ್ತೆ ಬೇರು ಬಿಟ್ಟಿತು. ಹಾಗಾಗಿ ಕ್ರೈಸ್ತ ಮಾಲಕರ ಜಾಗದಲ್ಲಿ ಆ ಲೋಟ ಉಳಿದರೆ ಅದು ಬೇರೆಯವರ ಜಾಗದಲ್ಲಿ ಉಳಿದದ್ದಕ್ಕಿಂತ ಹೆಚ್ಚಿನ ನೋವು. ಮಾಡಬೇಕಾದದ್ದು ಕಷ್ಟದ್ದೇನಲ್ಲ. ಎಲ್ಲರಿಗೂ ಒಂದೇ ಬಗೆಯ ಕಪ್ಪು, ಒಂದೇ ಕಡೆ ಊಟ. ಶೌಚಾಲಯ ತೊಳೆಯುವವರಿಗೆ ರಬ್ಬರ್ ಕೈಗವಸು, ಬೂಟು, ಉದ್ದ ಹಿಡಿಯ ಬ್ರಷ್. ಆಯಾ, ಪ್ಯೂನ್ ಎಂದು ಕೂಗುವ ಬದಲು ಹೆಸರು ಹಿಡಿದು, ವಯಸ್ಸಾದವರಾದರೆ ಅಕ್ಕ, ಅಣ್ಣ ಎಂದು ಕರೆಯುವುದು. ರಕ್ಷಣಾ ಸಲಕರಣೆ, ಸುರಕ್ಷತಾ ಕ್ರಮ ಇಲ್ಲದೆ ಮಲಗುಂಡಿಗೆ ಮನುಷ್ಯನನ್ನು ಇಳಿಸುವುದಂತೂ 2013ರ ಕಾಯ್ದೆಯ ಪ್ರಕಾರ ಅಪರಾಧ. ಯಂತ್ರದ ಗಾಡಿ ತರಿಸುವ ಖರ್ಚು ಎಷ್ಟೇ ಆಗಲಿ ಅದನ್ನು ಮಾಲಕರೇ ಹೊರಬೇಕು.

ಇದರ ಬೆನ್ನಿಗೇ ಬರುವುದು ಪಗಾರ. ಧರ್ಮೋಪದೇಶಕಾಂಡ 24ನೆಯ ಅಧ್ಯಾಯದಲ್ಲಿ ಬಡ ಕೂಲಿಯಾಳಿನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂಬ ಕಟ್ಟಳೆ ಇದೆ, ಕಾರಣವನ್ನೂ ಹೇಳಿದೆ: ಅವನು ಅದನ್ನೇ ನಂಬಿಕೊಂಡಿದ್ದಾನೆ. ಯಾಕೋಬನ ಪತ್ರಿಕೆ ಇನ್ನೂ ಕಟುವಾಗಿ, ತಡೆಹಿಡಿದ ಕೂಲಿಯೇ ದೇವರ ಮುಂದೆ ಕೂಗಿಡುತ್ತದೆ ಎನ್ನುತ್ತದೆ. ಬೈಬಲಿನಲ್ಲಿ ಧಣಿ–ಆಳಿನ ಸಂಬಂಧ ಬಂದಾಗ ಇಷ್ಟು ಖಚಿತವಾಗಿ, ಹೊತ್ತು ಗೊತ್ತುಮಾಡಿ ಹೇಳಿದ ಮಾತು ಬೇರೆ ಕಡಿಮೆ. ನಮ್ಮ ಕಾನೂನು ಕೂಡ ಇದೇ ಜಾಗಕ್ಕೆ ಬಂದು ನಿಂತಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ದಿನಗೂಲಿಯವರಿಗೆ ಪಾಳಿ ಮುಗಿದಾಗ, ವಾರದ ಲೆಕ್ಕದವರಿಗೆ ವಾರದ ಕೊನೆಯ ಕೆಲಸದ ದಿನ, ತಿಂಗಳ ಪಗಾರದವರಿಗೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಕೆಲಸ ಬಿಟ್ಟವರ ಅಥವಾ ಬಿಡಿಸಿದವರ ವೇತನ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು. ತಪ್ಪಿಗೆ ದಂಡ ಹಾಕುವುದಾದರೆ ಅದು ಆ ಅವಧಿಯ ವೇತನದ ಶೇ 3 ಮೀರುವಂತಿಲ್ಲ. ಎಲ್ಲ ಕಡಿತಗಳೂ ಸೇರಿ ಅರ್ಧ ದಾಟುವಂತಿಲ್ಲ. ಹಾಗಾಗಿ ಮೊದಲ ಕೆಲಸವಾಗಿ ಪಗಾರದ ತಾರೀಖನ್ನು ಗೋಡೆಯ ಮೇಲೆ ಬರೆದು ಹಾಕಿ. ಹಬ್ಬ ಬಂದರೆ ತಾರೀಖು ಮುಂದೆ ಹೋಗಬಾರದು, ಹಿಂದೆ ಬರಬೇಕು. ಮೂಲ ಎಷ್ಟು, ಕಡಿತ ಎಷ್ಟು, ಯಾಕೆ ಎಂದು ಕನ್ನಡದಲ್ಲಿ, ಮನೆಮಾತು ಮರಾಠಿಯಾದವರಿಗೆ ಮರಾಠಿಯಲ್ಲಿ, ಒಂದು ಚೀಟಿ ಕೊಡಿ. ಓದಲು ಬಾರದವರಿಗೆ ಓದಿ ಹೇಳಿ. ಖಾಲಿ ಹಾಳೆಗೆ, ಖಾಲಿ ವೋಚರಿಗೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುವ ರೂಢಿಯನ್ನು ಇಂದೇ ನಿಲ್ಲಿಸಿ.

ಮುಂಗಡದ ಮಾತನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಕಾಳಜಿ ಮತ್ತು ಕಟ್ಟು ಎರಡೂ ಒಂದೇ ಬಾಗಿಲಿನಿಂದ ಬರುತ್ತವೆ. ಮಗಳ ಮದುವೆಗೆ, ದವಾಖಾನೆಗೆ ಮಾಲಕರು ಕೊಟ್ಟ ಹಣ ಆ ಹೊತ್ತಿಗೆ ದೊಡ್ಡ ಉಪಕಾರ. ಅದೇ ಹಣ ಆರು ತಿಂಗಳ ಮೇಲೆ, ಬಾಕಿ ತೀರುವ ತನಕ ಬೇರೆ ಕಡೆ ಹೋಗುವ ಹಾಗಿಲ್ಲ ಎಂಬ ಮಾತಾಗುತ್ತದೆ. ಕಬ್ಬು ಕಡಿಯಲು ಮುಕಾದಮನ ಹತ್ತಿರ ಮುಂಗಡ ಎತ್ತಿ ಗಂಡ-ಹೆಂಡತಿ ಜೋಡಿಯಾಗಿ ಹೋಗುವ ಕುಟುಂಬಗಳಿಗೆ ಈ ಕಟ್ಟು ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಸಾಲಕ್ಕೆ ದುಡಿಮೆಯನ್ನು ಒತ್ತೆ ಹಿಡಿಯುವುದನ್ನು 1976ರ ಜೀತಪದ್ಧತಿ ರದ್ದತಿ ಕಾಯ್ದೆ ಅಳಿಸಿಹಾಕಿದೆ. ಒಳ್ಳೆಯ ಮನಸ್ಸಿನಿಂದ ಕೊಡುವವರು ಈ ಗೆರೆ ದಾಟದಿರಲು ಒಂದು ಪುಸ್ತಕ ಸಾಕು: ಕೊಟ್ಟ ದಿನ, ಮೊತ್ತ, ತಿಂಗಳಿಗೆ ಮುರಿದುಕೊಳ್ಳುವ ಕಂತು ಅದರಲ್ಲಿರಲಿ, ಅದರ ಪ್ರತಿ ಆಳಿನ ಕೈಯಲ್ಲೂ ಇರಲಿ. ಬಡ್ಡಿ ಬೇಡ. ಕೆಲಸ ಬಿಟ್ಟು ಹೋದರೂ ಸಾಲ ಸಾಲವಾಗಿಯೇ ಉಳಿಯುತ್ತದೆ, ಅವನನ್ನು ಹಿಡಿದಿಡುವ ಹಗ್ಗವಾಗುವುದಿಲ್ಲ ಎಂದು ಮೊದಲೇ ಬಾಯಿಬಿಟ್ಟು ಹೇಳಿರಬೇಕು.

ಉಪಕಾರವೇ ಕಟ್ಟಾಗುವ ಈ ಅಪಾಯಕ್ಕೆ ಕರ್ನಾಟಕದಲ್ಲೇ ದೊಡ್ಡ ಉದಾಹರಣೆ ಇದೆ. ಅದರಲ್ಲಿ ಒಳ್ಳೆಯದೂ ಇದೆ, ಎಚ್ಚರಿಕೆಯೂ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕೆಲವು ವರ್ಷಗಳಲ್ಲೇ ಒಂದು ಕಷ್ಟ ಕಂಡರು. ಕ್ರೈಸ್ತರಾದವರನ್ನು ಮನೆಯವರು ಹೊರಹಾಕುತ್ತಿದ್ದರು. ಜಮೀನು ಹೋಗುತ್ತಿತ್ತು, ಕುಲಕಸಬು ಹೋಗುತ್ತಿತ್ತು. ಅವರಿಗೆ ಅನ್ನದ ದಾರಿ ಮಾಡಬೇಕೆಂದು ಮಿಷನ್ನು ಅಚ್ಚುಕೂಟ, ನೇಯ್ಗೆ, ಹೆಂಚಿನ ಕಾರ್ಖಾನೆಗಳಿಗೆ ಕೈಹಾಕಿತು. 1851ರಲ್ಲಿ ಬಂದ ಜಾನ್ ಹಾಲರ್ ನೇಯ್ಗೆಯನ್ನು ಬೆಳೆಸಿದರು. ಖಾಕಿ ಬಣ್ಣದ ಬಟ್ಟೆಯ ಕೀರ್ತಿಯನ್ನು ಅವರಿಗೆ ಕೊಡುವವರೂ ಇದ್ದಾರೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಎಂದು ದೇಶವೆಲ್ಲ ಕರೆಯುವುದು ಅಲ್ಲಿಂದ ಹುಟ್ಟಿದ್ದು. ಹಳೆಯ ಜಾತಿ ಲೆಕ್ಕದಲ್ಲಿ ಒಟ್ಟಿಗೆ ಕೂರದ ಜನ ಒಂದೇ ಸೂರಿನಡಿ ಕೆಲಸ ಕಲಿತರು, ಗೊತ್ತಾದ ಹೊತ್ತಿಗೆ ಗೊತ್ತಾದ ಕೂಲಿ ಪಡೆದರು, ಭಾನುವಾರ ವಿಶ್ರಾಂತಿ ಪಡೆದರು, ಮಕ್ಕಳನ್ನು ಶಾಲೆಗೆ ಕಳಿಸಿದರು. ಇದು ಬಾಯಿಮಾತಿನ ಸೇವೆಯಾಗಿರಲಿಲ್ಲ. ಕುಲುಮೆ, ಮಗ್ಗ, ಲೆಕ್ಕದ ಪುಸ್ತಕದ ಮೂಲಕ ನಡೆದ ಸೇವೆ.

ಆದರೆ ಅದೇ ಜನರಿಗೆ ಮಿಷನ್ನು ಕೆಲಸ ಕೊಡುವ ಧಣಿಯೂ ಆಗಿತ್ತು, ಹಲವು ಕಡೆ ಮನೆ-ಜಾಗ ಕೊಟ್ಟ ಒಡೆಯನೂ ಆಗಿತ್ತು, ಶಾಲೆಯ ಮೇಷ್ಟ್ರೂ ಆಗಿತ್ತು, ಪ್ರಭುಭೋಜನ ಕೊಡುವ ಗುರುವೂ ಆಗಿತ್ತು. ಒಬ್ಬನೇ ಇಷ್ಟೆಲ್ಲ ಆದಾಗ, ಕೂಲಿ ಸಾಲದು ಎನ್ನಲು ಹೋದವನು ತನ್ನ ಗುರುವಿನ ಎದುರು ನಿಂತಂತಾಗುತ್ತದೆ. ಸಭೆಯ ಜನ ಮಿಷನ್ನಿನ ಮೇಲೆಯೇ ಅವಲಂಬಿತರಾಗುತ್ತಿದ್ದಾರೆ ಎಂಬ ಕಳವಳ, ವ್ಯಾಪಾರವೂ ಸುವಾರ್ತೆಯೂ ಒಂದೇ ಕೈಯಲ್ಲಿರಬಹುದೇ ಎಂಬ ಪ್ರಶ್ನೆ ಮಿಷನ್ನಿನ ಒಳಗೇ ಎದ್ದಿತ್ತು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರಕಾರ ಆ ಉದ್ದಿಮೆಗಳನ್ನು ವಶಪಡಿಸಿಕೊಂಡಿತು. ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ನಮ್ಮ ಸಣ್ಣ ಜಾಗಗಳಿಗೆ ಇದರ ಪಾಠ ನೇರವಾಗಿದೆ. ಕೆಲಸ ಕೊಡುವವರೇ ಸಾಲ ಕೊಡುವವರೂ, ಬಾಡಿಗೆ ಮನೆಯವರೂ, ಸಭೆಯ ಹಿರಿಯರೂ ಆಗಿದ್ದರೆ ಅಷ್ಟೂ ಪಾತ್ರಗಳನ್ನು ಒಬ್ಬರೇ ಹಿಡಿಯಬಾರದು. ಸಭೆಯ ಸ್ಥಾನ ಇದ್ದವರು ತಮ್ಮ ಕೆಲಸಗಾರರ ತಕರಾರು ಕೇಳುವ ಹೊಣೆಯನ್ನು ಬೇರೆ ಯಾರಿಗಾದರೂ ಒಪ್ಪಿಸಲಿ. ಸಾಲಕ್ಕೆ ಸಹಕಾರ ಸಂಘದ, ಸ್ವಸಹಾಯ ಸಂಘದ ದಾರಿ ತೋರಿಸಲಿ. ಆಳು ನಿಮ್ಮನ್ನು ಬಿಟ್ಟು ಹೋಗಬಲ್ಲವನಾಗಿದ್ದೂ ನಿಮ್ಮ ಹತ್ತಿರ ಉಳಿದರೆ ಮಾತ್ರ ಆ ಉಳಿಯುವಿಕೆಗೆ ಅರ್ಥವಿದೆ.

ಇಲ್ಲಿ ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಎದುರಾಗುತ್ತದೆ. ಸೇವೆ ಎಂಬ ಮಾತನ್ನೇ ಹಿಡಿದು ಕಡಿಮೆ ಪಗಾರ ಕೊಡುವ ಶಾಲೆಗಳೂ ಆಸ್ಪತ್ರೆಗಳೂ ಉಂಟಲ್ಲ. ಸೇವೆಯೆಂದು ಬಂದಿದ್ದೀರಿ, ಹಣ ಯಾಕೆ ಕೇಳುತ್ತೀರಿ ಎಂದು ಟೀಚರಿಗೆ, ನರ್ಸಿಗೆ ಹೇಳುವವರಿದ್ದಾರಲ್ಲ ಎಂದು ಕೇಳಿದರೆ, ಉಂಟು ಎಂದೇ ಒಪ್ಪಬೇಕು. ಆದರೆ ಅದು ಈ ಬೋಧನೆಯನ್ನು ತಲೆಕೆಳಗು ಮಾಡಿದ್ದರ ಫಲ. ಕಾಲು ತೊಳೆದದ್ದು ಗುರು. ಶಿಷ್ಯರ ಕೈಗೆ ಬೋಗುಣಿ ಕೊಟ್ಟು ನನ್ನ ಕಾಲು ತೊಳೆಯಿರಿ ಎಂದು ಆತ ಹೇಳಲಿಲ್ಲ. ತ್ಯಾಗದ ಹೊರೆ ಮೇಲಿನಿಂದ ಶುರುವಾಗಬೇಕು, ಕೆಳಗಿನವರ ಮೇಲೆ ಅದನ್ನು ಹೇರುವಂತಿಲ್ಲ. ಕಡಿಮೆ ಪಗಾರಕ್ಕೆ ದುಡಿಯುತ್ತೇನೆಂದು ಯಾರಾದರೂ ತಾವಾಗಿ ಮುಂದೆ ಬಂದರೆ ಅದು ಅವರ ಕಾಣಿಕೆ. ಇನ್ನೊಬ್ಬರಿಂದ ಅದನ್ನು ಕೇಳಿ ಪಡೆದರೆ ಅದು ಕಾಣಿಕೆಯಾಗಿ ಉಳಿಯುವುದಿಲ್ಲ. 1891ರಲ್ಲಿ ಹದಿಮೂರನೆಯ ಲಿಯೊ ಪೋಪರು ಕಾರ್ಮಿಕರ ಬಗ್ಗೆ ಹೊರಡಿಸಿದ ಸುತ್ತೋಲೆಯ ಮುಖ್ಯ ವಾದಗಳಲ್ಲಿ ಇದೂ ಒಂದು: ಹೊಟ್ಟೆಪಾಡಿಗಾಗಿ ಕಡಿಮೆ ಕೂಲಿಗೆ ಒಪ್ಪಿದವನ ಒಪ್ಪಿಗೆಯನ್ನು ಸ್ವಂತ ಇಚ್ಛೆ ಎಂದು ಕರೆಯಲಾಗದು, ಅಲ್ಲಿ ನ್ಯಾಯ ಮುಗಿದಂತಲ್ಲ. ಒಂದು ಸಂಸ್ಥೆಯಲ್ಲಿ ಈ ತಪ್ಪು ನಡೆಯುತ್ತಿದೆಯೇ ಎಂದು ತಿಳಿಯಲು ಮುಖ್ಯಸ್ಥರ ಪಗಾರವನ್ನೂ ಎಲ್ಲರಿಗಿಂತ ಕೆಳಗಿನವರ ಪಗಾರವನ್ನೂ ಒಂದೇ ಹಾಳೆಯಲ್ಲಿ ಬರೆದು, ಆಡಳಿತ ಮಂಡಳಿಯ ಸಭೆಯಲ್ಲಿ ಓದಿದರಾಯಿತು.

ಪಗಾರದ ನಂತರ ಮಾತು. ಕೆಲಸಗಾರರ ಅಹವಾಲು ಕೇಳುತ್ತೇವೆ ಎಂದು ಎಲ್ಲ ಮುಖ್ಯಸ್ಥರೂ ಹೇಳುತ್ತಾರೆ. ನನ್ನ ಬಾಗಿಲು ಸದಾ ತೆರೆದಿದೆ ಎಂದೂ ಹೇಳುತ್ತಾರೆ. ತೆರೆದ ಬಾಗಿಲಿನ ಒಳಗೆ ಬರಲು ಧೈರ್ಯ ಬೇಕಲ್ಲ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ಈ ವಿಷಯದಲ್ಲಿ ಬಹಳ ಕಲಿಸುತ್ತದೆ. ಯೆರೂಸಲೇಮಿನ ಸಭೆಯಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಅಲಕ್ಷ್ಯ ಮಾಡಲಾಗುತ್ತಿದೆ ಎಂಬ ಗುಣುಗುಣು ಎದ್ದಿತು. ಅಪೊಸ್ತಲರು ದೂರಿದವರನ್ನು ಗದರಲಿಲ್ಲ, ಇನ್ನು ಮೇಲೆ ಸರಿಯಾಗಿ ನೋಡಿಕೊಳ್ಳುತ್ತೇವೆ ಎಂದು ಬಾಯಿಮಾತಿನಲ್ಲಿ ಮುಗಿಸಲೂ ಇಲ್ಲ. ಎಲ್ಲರನ್ನೂ ಕೂಡಿಸಿ ಏಳು ಮಂದಿಯನ್ನು ಆರಿಸಿ ಆ ಕೆಲಸ ಒಪ್ಪಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಯಾರ ಕಡೆಯವರಿಗೆ ಅನ್ಯಾಯವಾಯಿತೋ ಅವರ ಕಡೆಯವರ ಕೈಗೇ ಹಂಚುವ ಅಧಿಕಾರ ಹೋಯಿತು. ನಮ್ಮಲ್ಲಿ ಇದನ್ನು ಹೀಗೆ ಮಾಡಬಹುದು: ಸೂಟಿಯ ಪಟ್ಟಿ ಮಾಡುವುದು, ಪಾಳಿ ಹಂಚುವುದು, ಹಬ್ಬದ ಬಟ್ಟೆಯನ್ನೋ ಬೋನಸ್ಸನ್ನೋ ಲೆಕ್ಕ ಹಾಕುವುದು ಇವುಗಳಲ್ಲಿ ಕೆಳಗಿನ ಕೆಲಸಗಾರರಲ್ಲಿ ಇಬ್ಬರು ಕೂರಲಿ, ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳಿರಲಿ.

ಮಾತಿಗೆ ಜಾಗ ಕೊಡದಿದ್ದರೆ ಆಗುವ ನಷ್ಟ ಕೆಲಸಕ್ಕೇ ಆಗುತ್ತದೆ. ಅಮೆರಿಕದ ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಭ್ಯಸಿಸಿದರು. ಒಳ್ಳೆಯ ಮುಂದಾಳುಗಳಿದ್ದ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕಲ್ಲ? ಲೆಕ್ಕದಲ್ಲಿ ಹೆಚ್ಚಿತ್ತು. ವಿಚಾರಿಸಿದಾಗ ಕಂಡ ಕಾರಣವೆಂದರೆ ಆ ತಂಡಗಳ ನರ್ಸುಗಳು ತಪ್ಪನ್ನು ಹೆದರದೆ ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು. ಭಾಲ್ಕಿಯ ದವಾಖಾನೆಯಲ್ಲಾಗಲಿ ಔರಾದಿನ ಮಿಲ್ಲಿನಲ್ಲಾಗಲಿ ತಪ್ಪು ಮುಚ್ಚಿಟ್ಟರೆ ಅದು ರೋಗಿಯ ಮೇಲೆ, ಯಂತ್ರದ ಪಟ್ಟಿಗೆ ಸಿಕ್ಕ ಕೈಯ ಮೇಲೆ ಬಂದು ಬೀಳುತ್ತದೆ. ಆದ್ದರಿಂದ ತಪ್ಪನ್ನು ತಾನೇ ಬಂದು ಹೇಳಿದವರಿಗೆ ಆ ತಪ್ಪಿಗಾಗಿ ದಂಡ ಹಾಕುವುದಿಲ್ಲ ಎಂಬ ನಿಯಮ ಮಾಡಿ, ಮಾಡಿದ ಮೇಲೆ ಕಷ್ಟವಾದರೂ ಪಾಲಿಸಿ. ಮುಚ್ಚಿಟ್ಟ ತಪ್ಪಿನಷ್ಟೇ ಅಪಾಯ ಚಾಡಿ ಮಾತಿನದು, ಅದಕ್ಕಂತೂ ಬೀದರಿನವರಿಗೆ ದೂರದ ಉದಾಹರಣೆ ಬೇಡ. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗವಾನ್ ವಿರುದ್ಧ ಆಸ್ಥಾನದವರು ಖಾಲಿ ಹಾಳೆಗೆ ಅವನ ಮೊಹರು ಹಾಕಿಸಿಕೊಂಡು, ಶತ್ರು ದೊರೆಗೆ ಬರೆದಂತೆ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ಮೂರನೆಯ ಮುಹಮ್ಮದ್ ವಿಚಾರಣೆ ಮಾಡದೆ 1481ರಲ್ಲಿ ಅವನನ್ನು ಕೊಲ್ಲಿಸಿದ. ನಿಜ ತಿಳಿಯುವ ಹೊತ್ತಿಗೆ ತಡವಾಗಿತ್ತು. ಮರುವರ್ಷವೇ ಸುಲ್ತಾನನೂ ತೀರಿಕೊಂಡ, ಬಹಮನಿ ರಾಜ್ಯ ಮುಂದೆ ಒಡೆದು ಹೋಳಾಯಿತು. ಯೋಹಾನನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ನಿಕೊದೇಮನು ಕೇಳುವ ಪ್ರಶ್ನೆಯೂ ಇದೇ: ಒಬ್ಬನ ಮಾತು ಕೇಳದೆ ಅವನಿಗೆ ತೀರ್ಪು ಕೊಡಬಹುದೇ? ಯಾರನ್ನೇ ಕೆಲಸದಿಂದ ತೆಗೆಯುವ ಮುನ್ನ ಆರೋಪವನ್ನು ಬರೆದು ಕೊಡಿ, ಉತ್ತರಕ್ಕೆ ಕೆಲವು ದಿನ ಬಿಡಿ, ಆರೋಪ ಮಾಡಿದವರಲ್ಲದ ಮೂರನೆಯವರೊಬ್ಬರು ಕೂತು ಕೇಳಲಿ.

ಹೀಗೆಲ್ಲ ಮಾಡಿದರೆ ಶಿಸ್ತು ಉಳಿಯುತ್ತದೆಯೇ, ಆಳುಗಳು ತಲೆಯ ಮೇಲೆ ಕೂರುವುದಿಲ್ಲವೇ ಎಂಬುದು ಮಾಲಕರ ಮುಖ್ಯ ಅಂಜಿಕೆ. ಸೇವಕನಾಗುವುದೆಂದರೆ ಎಲ್ಲದಕ್ಕೂ ಹೂಂಗುಟ್ಟುವುದು ಎಂದು ತಿಳಿದಾಗ ಹುಟ್ಟುವ ಅಂಜಿಕೆ ಅದು. ಪೇತ್ರನ ಕಾಲು ತೊಳೆದವನೇ ಪೇತ್ರನನ್ನು ಎಲ್ಲರೆದುರು ಕಟುವಾಗಿ ತಿದ್ದಿದವನೂ ಹೌದು. ದೇವಾಲಯದಲ್ಲಿ ವ್ಯಾಪಾರಿಗಳ ಮೇಜು ಕೆಡವಿದವನೂ ಹೌದು. ತಡವಾಗಿ ಬರುವವನನ್ನು ಕೇಳದೆ ಬಿಟ್ಟರೆ ಅವನ ಪಾಲಿನ ಕೆಲಸ ಹೊತ್ತಿಗೆ ಸರಿಯಾಗಿ ಬರುವವಳ ಮೇಲೆ ಬೀಳುತ್ತದೆ. ಆಗ ಆಕೆಗೆ ನಾವು ಮಾಡಿದ ಸೇವೆ ಏನು? 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕದ ಒಂದೇ ಸರಣಿಯ 71 ಊಟದ ಹೋಟೆಲುಗಳನ್ನು ನೋಡಿತ್ತು. ವ್ಯವಸ್ಥಾಪಕರು ಸೇವೆಯ ಮನೋಭಾವದಿಂದ ನಡೆದುಕೊಂಡ ಕಡೆ ಅದೇ ರೂಢಿ ಇಡೀ ಹೋಟೆಲಿಗೆ ಹರಡಿ, ಕೆಲಸ ಚೆನ್ನಾಗಿ ನಡೆದಿತ್ತು, ಗಿರಾಕಿಗಳನ್ನು ಚೆನ್ನಾಗಿ ನೋಡಿಕೊಳ್ಳಲಾಗಿತ್ತು, ಕೆಲಸ ಬಿಡುವ ಯೋಚನೆ ಕಡಿಮೆಯಾಗಿತ್ತು. ಅಮೆರಿಕದ ಹೋಟೆಲಿನ ಲೆಕ್ಕ ಹಲಬರ್ಗಾಕ್ಕೆ ಹಾಗೆಯೇ ಹೊಂದುತ್ತದೆ ಎಂದು ಹೇಳಲಾಗದು. ಆದರೆ ಸೇವೆ ಮಾಡಿದರೆ ಕೆಲಸ ಕೆಡುತ್ತದೆ ಎಂಬ ಅಂಜಿಕೆಗೆ ಅಲ್ಲಿ ಆಧಾರ ಸಿಕ್ಕಿಲ್ಲ. ತಿದ್ದುವಾಗ ಪಾಲಿಸಬೇಕಾದ್ದು ಇಷ್ಟೆ: ಮನುಷ್ಯನನ್ನು ಬಿಟ್ಟು ಕೆಲಸದ ಬಗ್ಗೆ ಮಾತಾಡಬೇಕು, ಗಿರಾಕಿಗಳ ಮುಂದೆ ಮಾತಾಡಬಾರದು, ಹೋದ ವರ್ಷದ ತಪ್ಪನ್ನು ಎಳೆದು ತರಬಾರದು.

ಪ್ರಾರ್ಥನೆಯ ಬಗ್ಗೆ ಕ್ರೈಸ್ತ ಮಾಲಕರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಪ್ರಾರ್ಥಿಸಿದಾಗ ಲಿಂಗಾಯತ ಗುಮಾಸ್ತ, ಮುಸ್ಲಿಂ ಡ್ರೈವರ್ ಮನಸ್ಸಿನಿಂದ ನಿಂತಿದ್ದಾರೋ ಪಗಾರ ಕೊಡುವವರ ಎದುರು ನಿಂತಿದ್ದಾರೋ ಎಂದು ತಿಳಿಯುವ ದಾರಿ ಮಾಲಕರಿಗಿಲ್ಲ. ಪ್ರಾರ್ಥನೆ ಕೆಲಸದ ವೇಳೆಯ ಹೊರಗೆ, ಬರುವವರಿಗೆ ಮಾತ್ರ ಇರಲಿ. ಬಾರದವರ ಹೆಸರನ್ನು ಯಾರೂ ಗುರುತಿಟ್ಟುಕೊಳ್ಳಬಾರದು. ಶುಕ್ರವಾರದ ನಮಾಜಿಗೆ, ಬಸವ ಜಯಂತಿಗೆ ಬಿಡುವು ಕೇಳಿದವರಿಗೆ ಗುಡ್ ಫ್ರೈಡೆಗೆ ಕೊಡುವಷ್ಟೇ ಸಹಜವಾಗಿ ಕೊಡಬೇಕು. ಸೇವೆಯ ಪಾಠವನ್ನು ಈ ಜಿಲ್ಲೆಗೆ ಕ್ರೈಸ್ತರೇ ತಂದದ್ದೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಕಾಯಕ–ದಾಸೋಹದ ದಾರಿ ಹಾಕಿದರು. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಶರಣೆ ಲಕ್ಕಮ್ಮ ಹಿಂದಿರುಗಿಸಲು ಹೇಳಿದ ಕಥೆ ಇಲ್ಲಿ ಮನೆಮನೆಗೂ ಗೊತ್ತು. ಬೀದರಿನ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ಬಡವ-ಸಿರಿವಂತ ಎನ್ನದೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಹಾಗಾಗಿ ಇಲ್ಲಿ ಹೇಳಿದ ಏರ್ಪಾಡುಗಳನ್ನು ಒಪ್ಪಲು ಯಾರೂ ತಮ್ಮ ನಂಬಿಕೆ ಬಿಡಬೇಕಿಲ್ಲ.

ಕಾಯಿಲೆ, ಹೆರಿಗೆ, ಸಾವು ಬಂದಾಗ ಏನು ಮಾಡಬೇಕೆಂಬುದನ್ನು ಅವು ಬರುವ ಮೊದಲೇ ಗೊತ್ತುಮಾಡಿರಬೇಕು. ಹತ್ತು ಅಥವಾ ಹೆಚ್ಚು ಮಂದಿ ಇರುವ ಕಡೆ, ತಿಂಗಳಿಗೆ ₹21,000ದವರೆಗೆ ಪಗಾರ ಇರುವವರಿಗೆ ಇ.ಎಸ್.ಐ. ಉಂಟು, ಕೆಲಸಗಾರರಿಂದ ಶೇ 0.75, ಮಾಲಕರಿಂದ ಶೇ 3.25. ಇಪ್ಪತ್ತು ಮಂದಿ ಆದರೆ ಭವಿಷ್ಯನಿಧಿ. ಅರ್ಹ ಹೆಣ್ಣುಮಕ್ಕಳಿಗೆ, ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದರೆ, ಹೆರಿಗೆಗೆ 26 ವಾರದ ವೇತನಸಹಿತ ರಜೆ. ಹತ್ತು ಮಂದಿಗಿಂತ ಕಡಿಮೆ ಇರುವ ಜಾಗಗಳೇ ನಮ್ಮಲ್ಲಿ ಜಾಸ್ತಿ, ಅಲ್ಲಿ ಇವು ಕಡ್ಡಾಯವಲ್ಲ. ಆದರೆ ಬ್ಯಾಂಕಿನಲ್ಲಿ ಸಿಗುವ ಎರಡು ಸರಕಾರಿ ವಿಮೆಗಳನ್ನು ಮಾಲಕರೇ ಕಟ್ಟಬಹುದು. ಅಪಘಾತದ ಸುರಕ್ಷಾ ಬಿಮಾ ವರ್ಷಕ್ಕೆ ₹20, ಜೀವನಜ್ಯೋತಿ ಬಿಮಾ ₹436; ಎರಡರದ್ದೂ ಮೊತ್ತ ತಲಾ ₹2 ಲಕ್ಷದವರೆಗೆ. ಹದಿನೆಂಟರಿಂದ ಐವತ್ತು ವಯಸ್ಸಿನೊಳಗಿನ ಒಬ್ಬ ಕೆಲಸಗಾರನಿಗೆ ವರ್ಷಕ್ಕೆ ₹456ರಲ್ಲಿ ಮುಗಿಯುವ ಈ ಕೆಲಸವನ್ನು ಮಾಡದೆ ಇರಲು ಕಾರಣ ಹುಡುಕುವುದೇ ಕಷ್ಟ. ಲೈಂಗಿಕ ಕಿರುಕುಳದ ದೂರಿಗೆ ಹತ್ತು ಮಂದಿ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ, ಮನೆಗೆಲಸದವರಾದರೂ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರು ಮೂರು ತಿಂಗಳೊಳಗೆ ಹೋಗಬೇಕು. ಇಂಥ ದೂರನ್ನು ಸಭೆಯ ಹಿರಿಯರು ಕೂತು ಕ್ಷಮೆಯ ಮಾತಾಡಿ ಮುಚ್ಚಿಹಾಕುವುದು ಕ್ರೈಸ್ತ ಸಂಸ್ಥೆಗಳಲ್ಲಿ ವಿಶೇಷವಾಗಿ ಇರುವ ಅಪಾಯ. ಕ್ಷಮಿಸುವುದೋ ಬಿಡುವುದೋ ನೊಂದವಳಿಗೆ ಬಿಟ್ಟದ್ದು. ಸಂಸ್ಥೆಯ ಪಾಲಿಗಿರುವುದು ವಿಚಾರಣೆ. ಕುಡಿತಕ್ಕೆ ಬಿದ್ದವರನ್ನು, ಮಂಕಾಗಿ ಕೂತವರನ್ನು ಕಂಡಾಗ ಬುದ್ಧಿ ಹೇಳುವುದಕ್ಕಿಂತ 14416 ಟೆಲಿಮಾನಸ್ ಸಹಾಯವಾಣಿ ಸಂಖ್ಯೆಯನ್ನು ಕೊಟ್ಟು, ವೈದ್ಯರ ಹತ್ತಿರ ಹೋಗಲು ಪಗಾರ ಮುರಿಯದೆ ಅರ್ಧ ದಿನ ಬಿಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲ ಮಾಡಲು ಸಣ್ಣ ಮಾಲಕರಿಗೆ ಶಕ್ತಿ ಎಲ್ಲಿದೆ ಎಂಬ ಮಾತು ಉಳಿಯುತ್ತದೆ, ಅದು ಸುಳ್ಳು ನೆಪವಲ್ಲ. ತೊಗರಿ ಮಾರಿದ ಹಣ ವ್ಯಾಪಾರಿಯಿಂದ ಬಂದಿರುವುದಿಲ್ಲ, ಶಾಲೆಯ ಫೀಸು ಬಾಕಿ ಇರುತ್ತದೆ, ಮಳೆ ಕೈಕೊಟ್ಟ ವರ್ಷ ಅಂಗಡಿಯ ಉದ್ರಿ ವಸೂಲಾಗುವುದಿಲ್ಲ. ಆದರೆ ಮೇಲಿನವುಗಳಲ್ಲಿ ಬಹುಪಾಲಿಗೆ ಹಣ ಬೇಡ: ಒಂದೇ ಬಗೆಯ ಕಪ್ಪು, ಗೋಡೆಯ ಮೇಲಿನ ತಾರೀಖು, ಮುಂಗಡದ ಪುಸ್ತಕದ ಪ್ರತಿ, ತೆಗೆಯುವ ಮುನ್ನ ಕೇಳುವ ಪದ್ಧತಿ. ಹಣ ಬೇಕಾದ ಕಡೆ ವರಸೆ ಗೊತ್ತಿರಬೇಕು. ಕೈ ಬಿಗಿಯಾದ ತಿಂಗಳಲ್ಲಿ ಮೊದಲು ನಿಲ್ಲಬೇಕಾದದ್ದು ಮಾಲಕರು ಮನೆಗೆ ಒಯ್ಯುವ ಹಣ, ಆಮೇಲೆ ಹೊಸ ಸಾಮಾನು, ಆಮೇಲೆ ಹೆಚ್ಚು ಪಗಾರದವರದ್ದು ಅವರ ಒಪ್ಪಿಗೆ ಪಡೆದು. ಕಡಿಮೆ ಪಗಾರದವರದ್ದನ್ನು ಮುಟ್ಟಲೇಬಾರದು. ತಡವಾಗುವುದು ಖಚಿತವಾದರೆ ತಾರೀಖು ಬರುವ ಒಂದು ವಾರ ಮೊದಲೇ ಎಲ್ಲರನ್ನೂ ಕೂಡಿಸಿ ಲೆಕ್ಕದ ಪುಸ್ತಕ ತೆರೆದು ತೋರಿಸಿ, ಎಷ್ಟು ಬಂದಿದೆ, ಎಷ್ಟು ಬರಬೇಕು, ಯಾವ ದಿನ ಕೊಡುತ್ತೇವೆ ಎಂದು ಹೇಳಬೇಕು. ಕಿರಾಣಿ ಅಂಗಡಿಯವರಿಗೆ, ಮಕ್ಕಳ ಹಾಸ್ಟೆಲಿನವರಿಗೆ ಅವರೂ ಮಾತು ಕೊಟ್ಟಿರುತ್ತಾರೆ. ಒಂದು ವಾರ ಮೊದಲೇ ತಿಳಿದರೆ ಅವರು ಅದನ್ನು ಹೊಂದಿಸಿಕೊಳ್ಳುತ್ತಾರೆ, ತಾರೀಖಿನ ಸಂಜೆ ಬರಿಗೈಯಲ್ಲಿ ಮನೆಗೆ ಹೋಗುವವರಿಗೆ ಆ ದಾರಿ ಇರುವುದಿಲ್ಲ. ಒಳ್ಳೆಯ ತಿಂಗಳುಗಳಲ್ಲಿ ಒಂದು ತಿಂಗಳ ಪಗಾರದಷ್ಟು ಹಣವನ್ನು ಬೇರೆ ಖಾತೆಯಲ್ಲಿ ಸ್ವಲ್ಪಸ್ವಲ್ಪವಾಗಿ ಕೂಡಿಡಬೇಕು. ಆ ಖಾತೆಗೆ ಮಾಲಕರ ಜೊತೆ ಕೆಲಸಗಾರರಲ್ಲೊಬ್ಬರ ಸಹಿಯೂ ಬೇಕೆಂದು ಬ್ಯಾಂಕಿನಲ್ಲಿ ಬರೆಸಿದರೆ ಬೇರೆ ಖರ್ಚಿಗೆ ಅದು ಕರಗುವುದಿಲ್ಲ.